ಹನ್ನೊಂದು ಮಾತ್ರೆ ಕಡಿಮೆ

ನನ್ನ ಗಂಡ ಮೊಟ್ಲಾತ್ಸಿ ದಕ್ಷಿಣ ಆಫ್ರಿಕಾದ ರುಸ್ಟೆನ್‌ಬರ್ಗಿನ ಗಣಿಯಲ್ಲಿ ಕೆಲಸಕ್ಕಿದ್ದಾನೆ. ನಮ್ಮ ಲೆಸೊಥೊದ ಬೆಟ್ಟಕ್ಕೆ ಬರುವುದು ವರ್ಷಕ್ಕೆ ಎರಡು ಸಲ, ಈಸ್ಟರಿಗೊಮ್ಮೆ, ಕ್ರಿಸ್‌ಮಸ್ಸಿಗೊಮ್ಮೆ. ಅವನು ಬರುವ ಮೂರು ವಾರ ಮುಂಚೆ ನಾನು ಮಾತ್ರೆ ಶುರುಮಾಡುತ್ತೇನೆ. ಎಚ್‌ಐವಿ ತಗುಲದಿರಲೆಂದು ದಿನಕ್ಕೊಂದು. ಅಲ್ಲಿ ಅವನು ಯಾರ ಮಗ್ಗುಲಲ್ಲಿ ಮಲಗುತ್ತಾನೋ ನಾನು ಕೇಳಿದವಳಲ್ಲ. ಕೇಳಿ ಏನಾಗಬೇಕಿದೆ?

ಡಬ್ಬಿ ಅಲುಗಾಡಿದರೆ ಮನೆಗೆಲ್ಲ ಕೇಳಿಸುತ್ತದೆ. ಅದಕ್ಕೇ ಒಳಗೆ ಉಣ್ಣೆ ತುರುಕಿ, ಪೆಟ್ಟಿಗೆಯಲ್ಲಿ ಕಂಬಳಿಯ ಕೆಳಗಿಟ್ಟಿದ್ದೆ. ನೋಡದೆ ಬೆರಳು ಹಾಕಿ ಒಂದು ತೆಗೆದು ನುಂಗುವವಳು ನಾನು. ಕ್ರಿಸ್‌ಮಸ್ ಕಳೆದು ಎರಡನೆಯ ದಿನ ಬೆರಳು ತಳಕ್ಕೇ ತಾಗಿತು. ಅಂಗೈಗೆ ಸುರಿದುಕೊಂಡೆ. ಇಪ್ಪತ್ತು ಇರಬೇಕಾಗಿತ್ತು, ಒಂಬತ್ತಿದ್ದವು.

ಮೊಟ್ಲಾತ್ಸಿ ಹೊರಡುವುದು ಜನವರಿ ಎಂಟಕ್ಕೆ. ಅವನು ಹೋದ ಮೇಲೂ ಒಂದಷ್ಟು ದಿನ ನುಂಗಬೇಕು. ಆಸ್ಪತ್ರೆಯ ನರ್ಸಮ್ಮ ಹಬ್ಬಕ್ಕೆ ಊರಿಗೆ ಹೋದವಳು ಹತ್ತನೇ ತಾರೀಖಿನವರೆಗೆ ಬರುವುದಿಲ್ಲ. ಅವನೋ ಬೆಳಿಗ್ಗೆಯೇ ಅಣ್ಣನ ಮನೆಗೆ ಬಿಯರು ಕುಡಿಯಲು ಹೋಗಿದ್ದ. ಅತ್ತೆ ಬಾಗಿಲಲ್ಲಿ ಕೂತು ಸೊಪ್ಪು ಸೋಸುತ್ತಿದ್ದರು.

"ಅಮ್ಮಾ, ನನ್ನ ಮಾತ್ರೆ ಮುಟ್ಟಿದ್ರಾ?"

"ಹೂಂ, ನಿನ್ನ ಗಂಡನಿಗೆ ಕೊಟ್ಟೆ," ಎಂದರು, ಉಪ್ಪು ಕೊಟ್ಟೆ ಅನ್ನುವ ಹಾಗೆ. "ಬಸ್ಸು ಹಿಡಿಯೋ ಅವಸರದಲ್ಲಿ ಮಹಾರಾಯ ತನ್ನದನ್ನ ಗಣಿ ಕೋಣೇಲೇ ಮರೆತು ಬಂದಿದಾನೆ. ದಿನಾ ಬೆಳಿಗ್ಗೆ ಗಂಜಿ ಜೊತೆ ಒಂದೊಂದು ಕೊಟ್ಟೆ. ಎಲ್ಲಿಂದ ತಂದೆ ಅಂತ ಒಂದಿನ ಕೇಳಬೇಕಲ್ಲ? ಊಹೂಂ."

"ಅವನಿಗ್ಯಾಕೆ ಮಾತ್ರೆ?"

ಅತ್ತೆ ನಕ್ಕರು. "ನನ್ಹತ್ರ ನಾಟಕ ಬೇಡ ಕಣೇ. ನಿನಗ್ಯಾಕೋ ಅವನಿಗೂ ಅದಕ್ಕೇ."

"ಎಷ್ಟು ದಿನದಿಂದ ಅವನಿಗೆ ಆ ಕಾಯಿಲೆ?"

"ಮೂರು ವರ್ಷ ಆಯ್ತೇನೋ."

ನನಗೆ ಅಳು ಬರಲಿಲ್ಲ. ಸಿಟ್ಟಾದರೂ ಬರುತ್ತದೇನೋ ಎಂದು ಕಾದೆ, ಅದೂ ಬರಲಿಲ್ಲ. ಅಂಗೈಯಲ್ಲಿದ್ದ ಮಾತ್ರೆಗಳ ಮೇಲೆ ಮುಷ್ಟಿ ಮುಚ್ಚಿದೆ. ಅತ್ತೆ ಮಾತಾಡುತ್ತಲೇ ಇದ್ದರು.

"ಪೆಟ್ಟಿಗೇಲಿ ನಿನ್ನ ಡಬ್ಬಿ ಕಂಡಾಗ ನನ್ನ ಎದೆ ಎಷ್ಟು ಹಗುರಾಯ್ತು ಗೊತ್ತಾ? ಇಬ್ಬರದೂ ಒಂದೇ ಪಾಡು, ಇನ್ನು ಬಚ್ಚಿಡೋದು ಬೇಡ, ಜಗಳ ಇಲ್ಲ. ಅಲ್ಲೇ ಮೊಣಕಾಲೂರಿ ದೇವರನ್ನ ನೆನೆದೆ."

"ನನಗೆ ಕಾಯಿಲೆ ಇಲ್ಲಮ್ಮ," ಎಂದೆ. "ಬರದೇ ಇರ್ಲಿ ಅಂತ ನುಂಗೋದು. ಅವನಿಗೆ ಇದೊಂದೇ ಸಾಲೋದೂ ಇಲ್ಲ, ಅವನ ಔಷಧಿ ಬೇರೆ. ಇವತ್ತೇ ಯಾವುದಾದ್ರೂ ದೊಡ್ಡಾಸ್ಪತ್ರೆಗೆ ಓಡೋಕೆ ಹೇಳಿ."

ಸೊಪ್ಪು ಸೋಸುವ ಕೈ ನಿಂತಿತು. ಅತ್ತೆ ನನ್ನ ಮುಖ ನೋಡಿದರು. ಸೊಸೆಗೆ ಕಾಯಿಲೆಯಿಲ್ಲ ಎಂದು ಗೊತ್ತಾದ ಸಂತೋಷ ಅಲ್ಲಿ ಒಂದಿಷ್ಟೂ ಕಾಣಲಿಲ್ಲ.

"ಇಲ್ವಾ?" ಎಂದರು. "ನಿಜವಾಗ್ಲೂ ಇಲ್ವಾ? ಹಾಗಾದ್ರೆ ನನ್ನ ಮಗನ್ನ ಬಿಟ್ಟು ಹೋಗ್ತೀಯಾ?"

ನಾನು ಅಂಗೈಯಿಂದ ಒಂದು ಮಾತ್ರೆ ತೆಗೆದು, ನೀರಿಲ್ಲದೆ, ಅವರೆದುರೇ ನುಂಗಿದೆ. ಉಳಿದ ಎಂಟನ್ನು ಡಬ್ಬಿಗೆ ಹಾಕಿದೆ.

"ನಮ್ಮಮ್ಮನೂರಿಗೆ ಬಸ್ಸು ಎಷ್ಟೊತ್ತಿಗೆ?"

ಅತ್ತೆ ಸೊಪ್ಪಿನ ಬುಟ್ಟಿಯನ್ನೇ ನೋಡುತ್ತಾ ಕೂತಿದ್ದರು.

"ಎರಡಕ್ಕೆ," ಎಂದರು.