ಮಸಿಯ ಮೇಲಿನ ಗೆರೆ

ಡಾಕ್ಟರ್ ಹನುಮಂತಯ್ಯನವರು ಯಾರಿಗೂ ಕೈ ಮುಗಿಯುತ್ತಿರಲಿಲ್ಲ. ಎದುರಿಗೆ ಸಿಕ್ಕವರ ಮಣಿಕಟ್ಟು ಹಿಡಿಯುತ್ತಿದ್ದರು. ಹಿಡಿದ ಮೇಲೆ ತಲೆಯನ್ನು ಎಡಕ್ಕೆ ವಾಲಿಸಿ, ಅರ್ಧಕ್ಕೆ ಬಂದ ಮಾತನ್ನು ಅಲ್ಲಿಯೇ ಬಿಟ್ಟು, “ಇರಿ, ಇರಿ” ಎಂದು ಗೊಣಗಿ ಕಣ್ಣು ಮುಚ್ಚಿಬಿಡುವರು. ದೊಡ್ಡಮಳೂರಿನ ಅಪ್ರಮೇಯಸ್ವಾಮಿಯ ಸನ್ನಿಧಿಯಲ್ಲಿ ತೀರ್ಥ ಕೊಡಲು ಕೈ ಚಾಚಿದ ಅರ್ಚಕರ ನಾಡಿಯನ್ನೇ ಹಿಡಿದು, ಹಿಂದೆ ನಿಂತ ಭಕ್ತರೆಲ್ಲ ಕೆಮ್ಮುವವರೆಗೂ ಬಿಡಲಿಲ್ಲವೆಂದು ಊರು ನಗುತ್ತಿತ್ತು. ಚನ್ನಪಟ್ಟಣದ ಪೇಟೆಯಲ್ಲಿ ಅವರು ದೂರದಿಂದ ಕಂಡರೆ ಸಾಕು, ಅವಸರವಿದ್ದವರು ಕೈಗಳನ್ನು ಅಂಗವಸ್ತ್ರದೊಳಗೆ ಬಚ್ಚಿಟ್ಟುಕೊಳ್ಳುತ್ತಿದ್ದರು.

ನಾನು ಆಗ ಅಲ್ಲಿನ ಶಾಲೆಯಲ್ಲಿ ಮೇಷ್ಟ್ರು. ಅವರ ಔಷಧಾಲಯ ನಮ್ಮ ಮನೆಗೆ ಮೂರನೆಯ ಬಾಗಿಲು. ಮಳೆ ಬಿಸಿಲೆನ್ನದೆ ತೊಡುತ್ತಿದ್ದ ಕಪ್ಪು ಆಲ್ಪಾಕ ಕೋಟು, ಅದರ ಬಲತೋಳಿಗೆ ಸದಾ ಹತ್ತಿರುತ್ತಿದ್ದ ದೀಪದ ಮಸಿ, ಮೊಣಕಾಲುದ್ದ ನೀರಿನಲ್ಲಿ ನಡೆಯುವವರಂತೆ ಕಾಲೆಳೆಯುವ ನಡಿಗೆ, ಇವನ್ನೆಲ್ಲ ದಿನವೂ ಕಂಡವನು. ಮಾಗಡಿಯ ಕಡೆ ಯಾರೋ ಆಗಾಗ ಎಚ್ಚರತಪ್ಪಿ ಬೀಳುತ್ತಾರೆಂದು ತಿಳಿದರೆ ಊಟ ಬಿಟ್ಟು ಕುದುರೆಯೇರುತ್ತಿದ್ದ ಮನುಷ್ಯ, ಸ್ವಂತ ತಂಗಿಯ ಮದುವೆಗೆ ಮುಹೂರ್ತ ಮೀರಿದ ಮೇಲೆ ಹೋದರು. ಇಂಥವರೊಡನೆ ಸ್ನೇಹ ಸುಖ; ಸಂಸಾರ ಕಷ್ಟ.

ಅವರನ್ನು ಹಿಡಿದಿದ್ದ ಹುಚ್ಚು ಒಂದೇ. ಹೃದಯದ ಮೇಲ್ಕೋಣೆಯ ಗೋಡೆಯಲ್ಲಿ ಒಂದು ಪುಟ್ಟ ಗಂಟು ಇದೆಯೆಂದೂ, ಪ್ರತಿಯೊಂದು ಬಡಿತವೂ ಅಲ್ಲಿಯೇ ಹುಟ್ಟುವುದೆಂದೂ ವಿಲಾಯಿತಿಯ ವೈದ್ಯಪತ್ರಿಕೆಯೊಂದರಲ್ಲಿ ಓದಿದ್ದರು. “ಆ ಗಂಟೇ ದಣಿದರೆ?” ಎಂಬುದು ಅವರ ಪ್ರಶ್ನೆ. ಕೆಲವರು ಬೀಳುವುದು ಅಪಸ್ಮಾರದಿಂದಲ್ಲ, ಬಡಿತದ ಮೂಲವೇ ಕೆಲಹೊತ್ತು ಮೌನವಾಗುವುದರಿಂದ ಎಂದು ಬೆಂಗಳೂರಿನ ದೊಡ್ಡ ವೈದ್ಯರಿಗೆ ಬರೆದರೆ, ಪ್ರಮಾಣ ತೋರಿಸಿ ಎಂಬ ಒಣ ಉತ್ತರ ಬಂತು.

ಪ್ರಮಾಣ ಗಫಾರನ ಎದೆಯಲ್ಲಿತ್ತು. ಗಫಾರ್ ಬೊಂಬೆ ಕಡೆಯುವವನು; ಮರ ತಿರುಗಿಸಿ ಕಡೆಯುವ ಚರಕಿಯ ಮುಂದೆ ಕೂತವನು ಕೂತಲ್ಲಿಯೇ ಉರುಳಿ, ತಿರುಗುವ ಮರಕ್ಕೆ ಗಲ್ಲ ಕೊಟ್ಟು ಗಾಯ ಮಾಡಿಕೊಳ್ಳುತ್ತಿದ್ದ. ಜಿನ್ನಿನ ಕಾಟವೆಂದು ಹೆಂಡತಿ ರಹೀಮಾ ತಾಯಿತ ಕಟ್ಟಿಸಿದ್ದಳು. ಹನುಮಂತಯ್ಯನವರು ಅವನ ಮಣಿಕಟ್ಟು ಹಿಡಿದು ಬಹಳ ಹೊತ್ತು ಕೂತು, ಬೆಳಿಗ್ಗೆ ಸಂಜೆ ನೀರಿನಲ್ಲಿ ಬೆಲಡೋನವೆಂಬ ಔಷಧದ ಹನಿ ಕೊಟ್ಟರು. ನಾಡಿ ಚುರುಕಾಯಿತು, ಬೀಳುವುದು ನಿಂತಿತು. ಆ ಋಣಕ್ಕೆ ಗಫಾರ್ ಹಾಲೆಮರದಲ್ಲಿ ಒಂದು ಉರುಳೆ ಕಡೆದು ಕೊಟ್ಟ. ಉರುಳೆಗೆ ಸುತ್ತಿದ ಕಾಗದವನ್ನು ದೀಪದ ಹೊಗೆಗೆ ಹಿಡಿದು ಕಪ್ಪು ಮಾಡಿ, ಹಳೆಯ ಗಡಿಯಾರದ ಯಂತ್ರದಿಂದ ಅದನ್ನು ತಿರುಗಿಸಿದರೆ, ರೋಗಿಯ ಕೊರಳ ನರದಿಂದ ಒಂದು ಕಡ್ಡಿ, ಮಣಿಕಟ್ಟಿನಿಂದ ಇನ್ನೊಂದು ಕಡ್ಡಿ ಮಸಿಯನ್ನು ಗೀರುತ್ತ ಬಡಿತಗಳನ್ನು ಬರೆಯುತ್ತಿದ್ದವು. ಕೊರಳ ಗೆರೆ ಹೃದಯದ ಮೇಲ್ಕೋಣೆಯದು, ಮಣಿಕಟ್ಟಿನದು ಕೆಳಕೋಣೆಯದು; ಎರಡೂ ಒಟ್ಟಿಗೆ ಮಲಗಿದರೆ ಬಡಿತ ಹುಟ್ಟುವಲ್ಲಿಯೇ ನಿಂತಿತೆಂದು ಅರ್ಥ.

ಆದರೆ ಹನಿ ಕುಡಿದ ಗಫಾರನ ಗೆರೆಗಳು ಮಲಗುತ್ತಿರಲಿಲ್ಲ. ರೋಗಿ ಗುಣವಾಗಿದ್ದ, ಪ್ರಮಾಣ ಕೆಟ್ಟಿತ್ತು. ವೈದ್ಯರು ತಿಂಗಳುಗಟ್ಟಲೆ ತಡೆದುಕೊಂಡರು. ಬೆಂಗಳೂರಿನ ವೈದ್ಯರ ಸಭೆಯಲ್ಲಿ ಗೆರೆ ತೋರಿಸುವುದಾದರೆ ಪ್ರಬಂಧ ಓದಬಹುದೆಂದು ಕರೆ ಬಂದ ದಿನ ತಡೆಯಲಾರದೆ ಹೋದರು. ಗಫಾರನ ಮನೆಗೆ ಹೋಗಿ, ಎಂದಿನಂತೆ ಮಣಿಕಟ್ಟು ಹಿಡಿದೇ, “ಎರಡು ದಿನ ಹನಿ ನಿಲ್ಲಿಸೋಣವೇನಪ್ಪ?” ಎಂದರು.

“ನಿಮ್ ಹನಿಯಿಂದ್ಲೇ ಸಾಮಿ ಉಳ್ಕಂಡಿರೋದು. ನಿಲ್ಸು ಅಂದ್ರೆ ನಿಲ್ಸ್ತೀನಿ,” ಎಂದ ಗಫಾರ್. “ನಾ ಕಡ್ದಿರೋ ಉರುಳೆ ಮ್ಯಾಲೆ ನನ್ ಎದೇನೇ ಬರೀತೈತೆ ಅಂದ್ರೆ ಒಸಿ ಖುಸೀನೇ ಬುಡಿ.” ಬಾಗಿಲ ಮರೆಯಲ್ಲಿ ರಹೀಮಾಳ ಬಳೆ ಸದ್ದಾಯಿತು.

ಎರಡನೆಯ ದಿನ ಮಧ್ಯಾಹ್ನ ನಾನು ಔಷಧಾಲಯಕ್ಕೆ ಹೋದಾಗ ಗಫಾರ್ ಮಂಚದ ಮೇಲೆ ಮಲಗಿದ್ದ. ಮೇಜಿನ ಮೇಲೆ, ಬಡಿತ ನಿಂತರೆ ಚುಚ್ಚಲೆಂದು, ಔಷಧ ತುಂಬಿದ ಪಿಚಕಾರಿ ಸಿದ್ಧವಾಗಿತ್ತು. ಹನುಮಂತಯ್ಯನವರು ಅಜಾಗರೂಕ ವೈದ್ಯರಲ್ಲ. ಕಡ್ಡಿಗಳು ಏರಿ ಇಳಿದು, ಏರಿ ಇಳಿದು, ಒಮ್ಮೆಲೇ ಎರಡೂ ಮಲಗಿದವು. “ಮೇಷ್ಟ್ರೇ, ನೋಡ್ರಿ! ಎರಡೂ ನಿಂತ್ವು! ಗಂಟೇ ನಿಂತಿದೆ, ಗಂಟೇ!” ಎಂದು ಅವರು ಕೂಗಿದರು. ಆ ಮುಖದ ಮೇಲಿದ್ದ ಬೆಳಕನ್ನು ನಾನು ಮತ್ತಾರ ಮುಖದಲ್ಲಿಯೂ ಕಂಡಿಲ್ಲ. ಇಡೀ ಊರಿನ ಮಣಿಕಟ್ಟು ಹಿಡಿದ ಆ ಕೈ ಆಗ ಯಾರ ಮಣಿಕಟ್ಟಿನ ಮೇಲೂ ಇರಲಿಲ್ಲ. ಕಾಗದದ ಅಂಚಿನಲ್ಲಿ ಗೆರೆಯ ಜೊತೆಗೇ ಓಡುತ್ತಿತ್ತು. ಗೆರೆ ಇನ್ನೂ ಸ್ವಲ್ಪ ಹೋಯಿತು. ಮತ್ತೂ ಸ್ವಲ್ಪ ಹೋಯಿತು. ಅವರು ಬೆಚ್ಚಿ ಪಿಚಕಾರಿ ಚುಚ್ಚುವ ಹೊತ್ತಿಗೆ ಕಾಲ ಮಿಂಚಿತ್ತು. ಎದೆ ಒತ್ತಿದರು, ಹೆಸರು ಹಿಡಿದು ಕರೆದರು, ಅತ್ತರು. ಉರುಳೆ ಮಾತ್ರ ತನ್ನ ಪಾಡಿಗೆ ತಿರುಗುತ್ತಲೇ ಇತ್ತು.

ರಹೀಮಾ ಬಂದು ಕಿರುಚಲಿಲ್ಲ, ಶಪಿಸಲಿಲ್ಲ. “ಹನಿ ಕುಡ್ಕಂಡ್ ಹೋಗಿ ಅಂದೆ ಸಾಮಿ,” ಎಂದಳು. “‘ಡಾಕ್ಟ್ರೇ ಬ್ಯಾಡ ಅಂದವ್ರೆ, ನಿಂಗೇನ್ ಗೊತ್ತು’ ಅಂದ್ಬುಟ್ರು.” ಅವಳು ಬೈದಿದ್ದರೆ ಚೆನ್ನಾಗಿತ್ತೆಂದು ನನಗೆ ಇಂದಿಗೂ ಅನಿಸುತ್ತದೆ.

ಮಸಿ ಅಳಿಯದಂತೆ ಆ ಕಾಗದವನ್ನು ವೈದ್ಯರು ಅರಗಿನ ದ್ರಾವಣದಲ್ಲಿ ಅದ್ದಿ ಒಣಗಿಸಿದರು. ಸಭೆಗೆ ಮಾತ್ರ ಹೋಗಲಿಲ್ಲ. ಎಷ್ಟೋ ದಿನದ ಮೇಲೆ, ಕಳಿಸುವುದಿಲ್ಲವೇ ಎಂದು ಕೇಳಿದೆ. ಅವರು ಕಾಗದ ಬಿಡಿಸಿ, ಮಲಗಿದ ಗೆರೆಯ ಮೇಲೆ ಉಗುರು ಜಾರಿಸಿದರು. “ಇಲ್ಲೀವರೆಗೂ ಗಂಟಿನ ಕೆಲಸ ಮೇಷ್ಟ್ರೇ. ಇಲ್ಲಿಂದಾಚೆಗೆ ನಂದು. ಒಂದು ಎಲ್ಲಿ ಮುಗೀತು, ಇನ್ನೊಂದು ಎಲ್ಲಿ ಸುರುವಾಯ್ತು ಅಂತ ಯಾರಾದ್ರೂ ಕೇಳಿದ್ರೆ ಏನ್ ಹೇಳ್ಲಿ?”

ತಿಳಿಯಲೇಬೇಕೆಂಬ ಹಸಿವಿನೊಡನೆ ಹುಟ್ಟುವ ಜನ ಕ್ರೂರಿಗಳಲ್ಲ. ಕ್ರೂರಿಗಳಾಗಿದ್ದರೆ ನಮ್ಮ ಕೆಲಸ ಸುಲಭವಾಗುತ್ತಿತ್ತು. ನಾವು ಕಣ್ಣೆತ್ತಿಯೂ ನೋಡದ ಸಂಕಟವನ್ನು ಅವರು ಹುಡುಕಿಕೊಂಡು ಹೋಗುತ್ತಾರೆ, ಹಿಡಿದು ಕೂರುತ್ತಾರೆ, ಗುಣಪಡಿಸುತ್ತಾರೆ. ನಂತರ ಆ ಸಂಕಟದ ಗುಟ್ಟಿನ ಮೇಲೆ ಅವರಿಗೆ ಹುಟ್ಟುವ ಪ್ರೀತಿ, ಸಂಕಟಪಡುವವನ ಮೇಲಿನ ಪ್ರೀತಿಯನ್ನು ಒಂದು ಗಳಿಗೆ ಮೀರಿಬಿಡುತ್ತದೆ. ತಪ್ಪಿದರೆ ಬೈಯುತ್ತೇವೆ, ಗೆದ್ದರೆ ಹಾರ ಹಾಕುತ್ತೇವೆ. ಒಂದೇ ಗಳಿಗೆಯಲ್ಲಿ ತಪ್ಪಿಯೂ ಗೆದ್ದೂ ಬಿಟ್ಟವರ ಮುಂದೆ ಹೇಗೆ ನಿಲ್ಲಬೇಕೆಂದು ನಮಗೆ ಯಾರೂ ಕಲಿಸಿಲ್ಲ. ಹನುಮಂತಯ್ಯನವರ ಊಹೆ ಸರಿಯಾಗಿತ್ತು. ರಹೀಮಾಳ ಎದುರು ಆ ಮಾತನ್ನು ಹೇಳುವ ಧೈರ್ಯ ಮಾತ್ರ ಅವರಿಗೂ ಬರಲಿಲ್ಲ, ನನಗೂ ಬರಲಿಲ್ಲ.