ಎರೆಹುಳದ ರಕ್ತ, ನಲ್ಲಿಯ ನೀರು

ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆದು, ನೀರು ಭಟ್ಟಿ ಇಳಿಸುವುದು ಅವನ ಕೆಲಸ. ಎಲ್ಲರ ಬಾಯಲ್ಲೂ ಅವನು ಸೀಸೆ ತಾತ. ಅದೇ ಕಟ್ಟಡದ ಮೇಲಿನ ಮಹಡಿಗೆ ಮಗಳು ಎರೆಹುಳದ ರಕ್ತ ಪರೀಕ್ಷಿಸುವ ವಿಜ್ಞಾನಿಯಾಗಿ ಬಂದಾಗ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ‘ಹುಳಕ್ಕೂ ನಮ್ಮ ಹಾಗೇ ಕೆಂಪು ರಕ್ತ ಕಣ್ರೀ’ ಎಂದು ಕಂಡಕಂಡವರ ತಲೆ ತಿಂದ.

ಆ ರಕ್ತ ಆಮ್ಲಜನಕವನ್ನು ಎಲ್ಲರೂ ತಿಳಿದಿದ್ದಕ್ಕಿಂತ ಬಿಗಿಯಾಗಿ ಹಿಡಿಯುತ್ತದೆ ಎಂದು ಮಗಳು ಬರೆದಳು. ಅಚ್ಚಾದ ಹಾಳೆಯನ್ನು ಅಪ್ಪ ಮಡಿಕೆ ಹರಿಯುವವರೆಗೂ ಜೇಬಿನಲ್ಲಿಟ್ಟುಕೊಂಡು ತಿರುಗಿದ. ಒಂದಕ್ಷರ ಅರ್ಥವಾಗುತ್ತಿರಲಿಲ್ಲ, ಆ ಮಾತು ಬೇರೆ.

ಆಮೇಲೆ ಬೇರೆ ಕಡೆಯವರು ಅದೇ ಪ್ರಯೋಗ ಮಾಡಿ ನೋಡಿದರು. ಆ ಅಂಕಿ ಬರಲಿಲ್ಲ. ಅಪ್ಪ ನಿವೃತ್ತನಾದ ಮೇಲೆ ಅವಳೇ ಮತ್ತೆ ಮಾಡಿದಳು, ಅವಳಿಗೂ ಬರಲಿಲ್ಲ. ‘ಅಂಕಿಗಳನ್ನ ನೀನೇ ಹುಟ್ಟಿಸಿದ್ಯಾ?’ ಎಂದು ಮುಖ್ಯಸ್ಥರು ಎಲ್ಲರೆದುರು ಕೇಳಿದರು. ಅವಳು ತಲೆ ತಗ್ಗಿಸಿ ಕೆಲಸ ಬಿಟ್ಟುಬಂದಳು. ಆರು ವರ್ಷದಿಂದ ಮನೆಯಲ್ಲೇ ಮಕ್ಕಳಿಗೆ ಪಾಠ ಹೇಳುತ್ತಾಳೆ. ಅವಳು ಕುಡಿದ ಲೋಟವನ್ನು ಇವತ್ತಿಗೂ ಅಪ್ಪನೇ ತೊಳೆಯುತ್ತಾನೆ. ಬೇರೇನು ಮಾಡಬೇಕೋ ಅವನಿಗೆ ತೋಚಿಲ್ಲ.

ಆ ಭಾನುವಾರ ಬೆಳಿಗ್ಗೆ ಅವಳು ಅಡುಗೆಮನೆಯ ಮೇಜಿನ ಮೇಲೆ ವಿಜ್ಞಾನ ಪತ್ರಿಕೆಯೊಂದನ್ನು ಹರಡಿಕೊಂಡು ಕೂತಿದ್ದಳು.

“ಯಾರೋ ಕಂಡುಹಿಡಿದಿದ್ದಾರಪ್ಪ. ಕ್ಯಾಲ್ಸಿಯಂ ಅಯಾನು ಸೇರಿದ್ರೆ ಹುಳದ ರಕ್ತ ಆಮ್ಲಜನಕನ ಬಿಗಿಯಾಗಿ ಹಿಡ್ಕೊಳ್ಳುತ್ತಂತೆ. ಅಂಕಿ ಎಲ್ಲಾ ನಂದೇ ಥರ ಇದೆ.”

“ಹಾಗಾದ್ರೆ ನಿಂದು ಸರಿ ಅಂತಾಯ್ತಲ್ಲಮ್ಮ!”

“ಹೇಗಾಗುತ್ತೆ? ನಾನು ಬಳಸಿದ್ದು ನೀನು ಭಟ್ಟಿ ಇಳಿಸಿದ ನೀರು. ಅದರಲ್ಲಿ ಕ್ಯಾಲ್ಸಿಯಂ ಎಲ್ಲಿಂದ ಬರ್ಬೇಕು?”

“ಅದೇನದು ಕ್ಯಾಲ್ಸಿಯಂ?”

ಅವಳು ನೀರು ಕಾಯಿಸುವ ಕೆಟಲಿನ ತಳ ತೋರಿಸಿದಳು. ಬೆಳ್ಳಗೆ ಸುಣ್ಣ ಕಟ್ಟಿತ್ತು. “ಇದೇ. ನಲ್ಲಿ ನೀರಲ್ಲಿ ಬೇಕಾದಷ್ಟಿದೆ.”

ಅಪ್ಪನಿಗೆ ಪ್ರಯೋಗಾಲಯದ ಕ್ಯಾನು ನೆನಪಾಯಿತು. ಭಟ್ಟಿಯ ನೀರು ತೊಟ್ಟುತೊಟ್ಟಾಗಿ ಇಳಿಯುತ್ತಿತ್ತು. ಕ್ಯಾನು ತುಂಬಲು ಮಧ್ಯಾಹ್ನವಾಗುತ್ತಿತ್ತು. ಮಗಳು ಖಾಲಿ ಸೀಸೆ ಹಿಡಿದು ಕಾಯುವುದನ್ನು ನೋಡಲಾರದೆ, ಅವಳು ಬರುವ ಮೊದಲೇ ಅವಳ ಕ್ಯಾನಿನ ಅರ್ಧವನ್ನು ನಲ್ಲಿ ನೀರಿನಿಂದ ತುಂಬಿಸುತ್ತಿದ್ದ. ಉಳಿದವರಿಗೆ ಶುದ್ಧ ನೀರೇ. ಅವರು ಕಾದರೆ ಕಾಯಲಿ. ನೀರು ನೀರೇ ತಾನೇ ಎಂದುಕೊಂಡಿದ್ದ, ಮಹಾ ಬುದ್ಧಿವಂತ.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವನಿಗಿದ್ದವಳು ಅವಳೊಬ್ಬಳೇ; ಹೇಳಿದರೆ ಅವಳೂ ಇಲ್ಲದಂತಾಗಬಹುದು. ಆದರೂ ತಡೆತಡೆದು ಹೇಳಿಬಿಟ್ಟ.

“ಎಷ್ಟು ದಿನ ಹಾಗೆ ಮಾಡ್ದೆ?”

“ನೀನು ಬಂದಾಗಿನಿಂದ... ನಾನು ಕೆಲಸ ಬಿಡೋವರ್ಗೂ.”

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಪತ್ರಿಕೆಯನ್ನು ಮಡಿಸಿ, ಮತ್ತೆ ಬಿಡಿಸಿ, ಮತ್ತೆ ಮಡಿಸಿದಳು.

“ಜನ ಅಂದಿದ್ದು ಬಿಡಪ್ಪ. ನಾನೇ ಸುಳ್ಳು ಬರೆದೆನೇನೋ ಅಂತ ನನಗೇ ಅನಿಸೋಕೆ ಶುರುವಾಗಿತ್ತು. ಆರು ವರ್ಷ ನನ್ನ ಕಣ್ಣನ್ನೇ ನಾನು ನಂಬಲಿಲ್ಲ.”

ಅವಳು ಅಳುತ್ತಿದ್ದಳು. ಹತ್ತಿರ ಹೋಗಿ ತಲೆ ಸವರುವ ಧೈರ್ಯ ಅವನಿಗೆ ಬರಲಿಲ್ಲ. ಕೈಗೆ ಏನಾದರೂ ಕೆಲಸ ಬೇಕಿತ್ತು; ಅವಳ ಮುಂದಿದ್ದ ಖಾಲಿ ಲೋಟವನ್ನೆತ್ತಿಕೊಂಡು ನಲ್ಲಿಯ ಕಡೆ ತಿರುಗಿದ.

ಅವಳು ಎದ್ದು ಬಂದು ಅವನ ಕೈಯಿಂದ ಲೋಟ ತೆಗೆದುಕೊಂಡಳು.

“ಬಿಡು, ನಾನೇ ತೊಳ್ಕೊಳ್ತೀನಿ.”