ಲಾರಿಯಿಂದ ಮೊದಲು ಇಳಿದವರು

ನೆಗೆವ್ ಮರುಭೂಮಿಯ ಆ ಹಳ್ಳಿಯಲ್ಲಿ ಮನೆಗಳು ಅರವತ್ತು, ಇತಿಹಾಸಗಳೂ ಅರವತ್ತು. ಕೊಚ್ಚಿ ಕಡೆಯಿಂದ ವಲಸೆ ಬಂದ ಯೆಹೂದಿಗಳನ್ನು ಲಾರಿಯೊಂದು ಬೋಳು ದಿಣ್ಣೆಯ ಮೇಲೆ ತಂದು ನಿಲ್ಲಿಸಿ ಐವತ್ತು ವರ್ಷವಾಗಿತ್ತು. ಈಗ ಅಲ್ಲಿ ಹಿತ್ತಿಲ ತುಂಬ ಕರಿಬೇವು, ಹೊಲದ ತುಂಬ ರಫ್ತಿನ ಹೂವು. ಆದರೆ ಆ ದಿನ ಲಾರಿಯಿಂದ ಮೊದಲು ಇಳಿದವರು ಯಾರೆಂದು ಕೇಳಿದರೆ ಮನೆಗೊಂದು ಹೆಸರು ಬರುತ್ತಿತ್ತು. ಅಷ್ಟೂ ಜನ ಒಟ್ಟಿಗೇ ಧುಮುಕಿದ್ದರೆ ಪಾಪ, ಲಾರಿಯೇ ಮಗುಚಿಕೊಳ್ಳಬೇಕಿತ್ತು.

ಐವತ್ತರ ಹಬ್ಬಕ್ಕೆ ಪ್ರಾರ್ಥನಾ ಮಂದಿರದ ಅಂಗಳದಲ್ಲಿ ಕಲ್ಲು ನೆಟ್ಟು, ಮೊದಲು ಇಳಿದವರ ಹೆಸರು ಕೆತ್ತಿಸುವುದೆಂದು ತೀರ್ಮಾನವಾಯಿತು. ಆ ಹೆಸರು ತನ್ನ ತಾಯಿ ಮಿರಿಯಾಮಳದೇ ಆಗಬೇಕೆಂದು ಸಿಪ್ಪೋರಾ ಹಟ ಹಿಡಿದಳು. ಅಮ್ಮ ತೀರಿಕೊಂಡು ಮೂರು ವರ್ಷ. ಊರಿನ ಒಂದು ಫೋಟೋದಲ್ಲೂ ಅವಳ ಮುಖವಿಲ್ಲ. ಕ್ಯಾಮೆರಾ ಕಂಡರೆ ಸೆರಗು ಎಳೆದುಕೊಂಡು ಬಾಗಿಲ ಹಿಂದೆ ಸರಿಯುತ್ತಿದ್ದಳು. ಕಲ್ಲಿನಲ್ಲೂ ಅವಳಿಲ್ಲದಿದ್ದರೆ ಇನ್ನೆಲ್ಲಿ ಹುಡುಕುವುದು?

ಅಡ್ಡಬಂದವನು ಹೂವಿನ ಸಂಘದ ಬೆಸಲೇಲ್. "ನಮ್ಮಪ್ಪ ಮೋಶೆ ಇಳಿದು ಕೈ ಕೊಡದೇ ಇದ್ದಿದ್ರೆ ನಿಮ್ಮಮ್ಮ ಇನ್ನೂ ಲಾರೀಲೇ ಇರ್ತಿದ್ರು, ಸಿಪ್ಪೋರಾ."

"ಹೌದು ಬೆಸಲೇಲಣ್ಣ, ಆ ಲಾರಿ ಓಡಿಸಿದ್ದೂ ನಿಮ್ಮಪ್ಪನೇ ಅಲ್ವಾ?" ಎಂದಳು ಅವಳು.

ಕೊನೆಗೆ ಇಬ್ಬರೂ ಬಾತ್‌ಷೇವಾ ಅಜ್ಜಿಯ ಬಳಿಗೆ ಹೋದರು. ಲಾರಿಯಲ್ಲಿ ಬಂದ ಹೆಂಗಸರಲ್ಲಿ ಉಳಿದವಳು ಅವಳೊಬ್ಬಳೇ. ಆ ಊರ ಹೆಂಗಸರು ಮದುವೆಗೊಂದು, ತೊಟ್ಟಿಲಿಗೊಂದು, ಜಗಳಕ್ಕೂ ಒಂದು ಹಾಡು ಕಟ್ಟಿ ಮಲೆಯಾಳದಲ್ಲಿ ಬರೆದಿಡುತ್ತಿದ್ದರು. ಲಾರಿಯ ಹಾಡಿನ ಮೊದಲ ನುಡಿ ಊರಿಗೆಲ್ಲ ಬಾಯಿಪಾಠ. ಮುಂದಿನದನ್ನು ಯಾರೂ ಹಾಡುತ್ತಿರಲಿಲ್ಲ, ಆ ಅಕ್ಷರ ಓದಲು ಅಜ್ಜಿಯ ಹೊರತು ಯಾರಿಗೂ ಬರುತ್ತಲೂ ಇರಲಿಲ್ಲ.

ಅಜ್ಜಿ ಕನ್ನಡಕ ಏರಿಸಿ, ಹಳೆಯ ಪುಸ್ತಕವನ್ನು ಮೂಗಿಗೆ ತಾಗಿಸಿಕೊಂಡು ರಾಗ ತೆಗೆದಳು:

"ಮೋಶೆಯ ಕಾಲು ಹಲಗೆಗೆ ಅಂಟಿತು,
ಮರಳನು ಕಂಡು ಮೈ ನಡುಗಿತು;
ಮಿರಿಯಾಮ ಅಂದಳು, ಹೊಳೆ ತೋರಿಸಿರಿ,
ತೋರದೆ ಇಳಿಯೆನು, ಹೋಗಿರಿ!"

ಬೆಸಲೇಲ್ ಪುಸ್ತಕದೊಳಗೆ ಇಣುಕಿದ, ಓದಲು ಬಂದರೆ ತಾನೆ! ಸಿಪ್ಪೋರಾಳ ಕಿವಿ ಕೆಂಪಾಯಿತು.

"ಯಾರೂ ಇಳೀಲಿಲ್ಲ ಕಣ್ರೇ," ಎಂದಳು ಅಜ್ಜಿ. "ಡ್ರೈವರ್ ಬೈದ, ಕೈಮುಗಿದ, ಅತ್ತೂ ಬಿಟ್ಟ. ಹಸಿವು ತಡೀದೆ ಒಬ್ಬೊಬ್ರೇ ಇಳಿದ್ರು. ನಿಮ್ಮಮ್ಮ ಮಾತ್ರ ಸಂಜೆವರೆಗೂ ಕೂತಿದ್ಲು ಮಹಾರಾಣಿ ಥರ."

"ಮತ್ತೆ ಇಳಿದದ್ದು ಹೇಗೆ, ಅಜ್ಜಿ?"

"ನಾನು ಕೆಳಗೆ ಪಾಸ್ಟೆಲ್ ಕಡುಬು ಕರಿಯೋಕೆ ಕೂತೆ. ಒಳಗೆ ತುಂಬೋ ಈರುಳ್ಳಿ ಸೀದುಹೋಯ್ತು. ವಾಸನೆ ಬಂದಿದ್ದೇ ತಡ, 'ಅಯ್ಯೋ ಮಂಕೇ, ಉರಿ ಸಣ್ಣ ಮಾಡೇ!' ಅಂತ ಕಿರುಚ್ಕೊಂಡು ಧುಮುಕಿದ್ಲು ನೋಡು! ಸೌಟು ಕಿತ್ಕೊಂಡವಳು ಮತ್ತೆ ಲಾರಿ ಹತ್ತಲೇ ಇಲ್ಲ. ಇಳಿದ ಅಷ್ಟೂ ಜನಕ್ಕೆ ಬಡಿಸಿದ್ಲು."

ಸಿಪ್ಪೋರಾಳಿಗೆ ನಗು ಬಂತು, ಹಿಂದೆಯೇ ಕಣ್ಣೀರೂ. ಸೆರಗು ಹಾರಿಸಿಕೊಂಡು ಲಾರಿಯಿಂದ ಧುಮುಕುವ ಅಮ್ಮ ಅವಳ ಕಣ್ಣ ಮುಂದೆ ನಿಂತಳು. ಯಾವ ಫೋಟೋ ಇದ್ದರೂ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ.

ನೇರ ಕಲ್ಲುಕುಟಿಗನ ಬಳಿಗೆ ನಡೆದಳು. "ಬರಿಯಪ್ಪ: ಮಿರಿಯಾಮ, ಎಲ್ಲರಿಗಿಂತ ಕೊನೆಗೆ ಇಳಿದವಳು. ಕಲ್ಲಿನ ಬುಡದಲ್ಲಿ ಬರಿ, ಅದಕ್ಕಿಂತ ಕೆಳಗೆ ಯಾರೂ ಬರಬಾರದು."

ಸಂಜೆಯೊಳಗೆ ಸುದ್ದಿ ಅರವತ್ತು ಮನೆ ಸುತ್ತಿತು. "ನಮ್ಮಜ್ಜ ಇಳಿದದ್ದು ಮಾರನೇ ದಿನ!" ಎಂದು ಒಬ್ಬ ಕೂಗಿದ. "ನಮ್ಮತ್ತೆಯನ್ನ ನಾಲ್ಕು ಜನ ಹೊತ್ತು ಇಳಿಸಿದ್ರು!" ಎಂದಳು ಇನ್ನೊಬ್ಬಳು. ಬೆಸಲೇಲನಂತೂ ಕಲ್ಲಿನ ಮುಂದೆ ಮಂಡಿಯೂರಿ ಕೂತು, ಮಿರಿಯಾಮಳ ಹೆಸರಿಗೂ ನೆಲಕ್ಕೂ ನಡುವೆ ಎಷ್ಟು ಬೆರಳು ಜಾಗ ಉಳಿದಿದೆ ಎಂದು ಅಳೆಯುತ್ತಿದ್ದ.